ಶಾಖದ ಲೆಕ್ಕ ನಮ್ಮ ಕೈಗೂ ಬರಲಿ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹರೂಪ)



ವಾರ್ಷಿಕೋತ್ಸವ ಅಂದರೆ ಬಾಬಾಸಾಹೇಬರ ಮೇಲೆ ಒಂದು ಭಾಷಣ, ಮೀಸಲಾತಿ ಮೇಲೆ ಒಂದು ಭಾಷಣ, ಕೊನೆಗೆ ಹಾಡು. ಇದು ನಮಗೆ ರೂಢಿ. ಈ ಸಲ ನನ್ನ ವಿಷಯ ಥರ್ಮೋಡೈನಾಮಿಕ್ಸ್ ಅಂತ ಕೇಳಿ ಕೆಲವರು ನಕ್ಕರು. ನಗಲಿ. ಇದನ್ನು ಕೇಳಿದವರು ನಮ್ಮಲ್ಲೇ ಡಿಗ್ರಿ ಓದುತ್ತಿರುವ ಹುಡುಗರು. ಬಿ.ಎಸ್ಸಿ. ಭೌತಶಾಸ್ತ್ರಕ್ಕೆ ಹೋಗಿ, ರಸಾಯನಶಾಸ್ತ್ರಕ್ಕೆ ಹೋಗಿ, ಮೆಕ್ಯಾನಿಕಲ್ ಇಂಜಿನಿಯರಿಂಗಿಗೆ ಹೋಗಿ, ಈ ಪಾಠ ದಾರಿಗೆ ಅಡ್ಡ ನಿಂತೇ ಇರುತ್ತೆ. ಇಲ್ಲಿ ಒಂದು ಸಪ್ಲಿ ಬಿದ್ದರೆ ಅದು ಎರಡಾಗುತ್ತೆ, ಎರಡು ನಾಲ್ಕಾಗುತ್ತೆ. ಆಮೇಲೆ ಹುಡುಗ ಬೆಂಗಳೂರಿಗೆ ಸೆಕ್ಯೂರಿಟಿ ಕೆಲಸಕ್ಕೆ, ಹುಡುಗಿ ರಾಯದುರ್ಗದ ಜೀನ್ಸ್ ಹೊಲಿಯೋ ಮಿಷನ್ನಿಗೆ. ಆ ಕೆಲಸ ಕೀಳು ಅಂತ ನಾನು ಹೇಳಲ್ಲ. ಆದರೆ ಹೋಗುವಾಗ ‘ನನ್ನ ತಲೆಗೆ ಇದು ಹತ್ತಲ್ಲ’ ಅಂತ ನಂಬಿಕೊಂಡು ಹೋಗ್ತಾರಲ್ಲ, ಅದು ಸುಳ್ಳು. ಆ ಸುಳ್ಳನ್ನು ಇವತ್ತು ಬಿಚ್ಚಿ ನೋಡೋಣ.

ಮೊದಲನೆಯದು ಮಾತಿನ ತೊಡಕು. 1953ರಲ್ಲಿ ಆಂಧ್ರ ರಾಜ್ಯ ಆದಾಗ ಹಳೇ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಈ ಕಡೆ ಉಳಿದವು. ಬಳ್ಳಾರಿ ಆ ಕಡೆ ಹೋಯಿತು. ಮಡಕಶಿರಾಕ್ಕೆ ಪಾವಗಡ, ಶಿರಾ, ಮಧುಗಿರಿಗಳೇ ನೆರೆ. 2022ರಲ್ಲಿ ಜಿಲ್ಲೆ ಒಡೆದು ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದರೂ ಮನೆಯ ಮಾತು ಬದಲಾಗಲಿಲ್ಲ. ಹೀಗಾಗಿ ನಮ್ಮ ಹುಡುಗನಿಗೆ ಮನೇಲಿ ಕನ್ನಡ, ಬಸ್‌ಸ್ಟ್ಯಾಂಡಲ್ಲಿ ತೆಲುಗು, ಕಾಲೇಜು ಪುಸ್ತಕದಲ್ಲಿ ಇಂಗ್ಲಿಷು. ಲೆಕ್ಚರರು ಇಂಗ್ಲಿಷಿನಲ್ಲಿ ಬರೆದು ತೆಲುಗಿನಲ್ಲಿ ಬಿಡಿಸಿ ಹೇಳ್ತಾರೆ. ನಮ್ಮವನು ಅದನ್ನು ಒಳಗೊಳಗೇ ಕನ್ನಡಕ್ಕೆ ತಂದುಕೊಳ್ಳುವ ಹೊತ್ತಿಗೆ ಬೋರ್ಡು ಒರೆಸಿ ಆಗಿರುತ್ತೆ. ಹಿಂದೆ ಬೀಳೋದು ತಲೆ ಅಲ್ಲ, ಹೊತ್ತು.

ಇನ್ನೊಂದು ಮಾತು. ನಮ್ಮ ಕನ್ನಡದಲ್ಲಿ ಬಿಸಿಗೆ ಎಷ್ಟು ಹೆಸರು ನೋಡಿ: ಕಾವು, ಶಾಖ, ಝಳ, ಧಗೆ, ಸೆಕೆ, ಉಷ್ಣ. ಪಪ್ಪಾಯಿ ತಿಂದರೆ ‘ಉಷ್ಣ ಆಗ್ತೈತೆ’ ಅಂತ ಅಜ್ಜಿ ಬೈತಾಳೆ. ಪುಸ್ತಕದ ಉಷ್ಣ ಅದಲ್ಲ. ಅಲ್ಲಿ ಎರಡೇ ಮಾತು, ಎರಡೂ ಬೇರೆ ಬೇರೆ: ತಾಪ ಒಂದು, ಶಾಖ ಒಂದು. ಬೀಡಿ ತುದಿಯ ತಾಪ ಹಂಡೆ ನೀರಿನ ತಾಪಕ್ಕಿಂತ ಎಷ್ಟೋ ಹೆಚ್ಚು. ಆದರೆ ಆ ಬೀಡಿಯಿಂದ ಒಂದು ಲೋಟ ನೀರೂ ಕಾಯಲ್ಲ. ಹಂಡೆ ನೀರು ಇಡೀ ಮನೆಗೆ ಸ್ನಾನ ಮಾಡಿಸುತ್ತೆ. ತಾಪ ಅಂದರೆ ಎಷ್ಟು ಬಿಸಿ ಅನ್ನೋ ಮಟ್ಟ. ಶಾಖ ಅಂದರೆ ಹೆಚ್ಚು ತಾಪದ ಕಡೆಯಿಂದ ಕಡಿಮೆ ತಾಪದ ಕಡೆಗೆ ದಾಟಿ ಹೋಗುವ ಶಕ್ತಿ. ಇದೊಂದು ಬೇರೆ ಮಾಡಿಕೊಂಡರೆ ಪಾಠದ ಅರ್ಧ ಮಂಜು ಸರಿಯುತ್ತೆ. ‘ಸ್ಥಿರೋಷ್ಣ ಪ್ರಕ್ರಿಯೆ’ ಅಂದಾಗ ತಾಪ ಸ್ಥಿರವಾಗಿರುತ್ತೆ ಅಂದುಕೊಳ್ಳೋದು ಸಹಜ. ಹಾಗಲ್ಲ. ಅಲ್ಲಿ ಶಾಖ ಒಳಗೆ ಬರಲ್ಲ, ಹೊರಗೆ ಹೋಗಲ್ಲ, ಅಷ್ಟೇ. ತಾಪ ಏರಬಹುದು, ಇಳಿಯಬಹುದು. ಸೈಕಲ್ಲಿಗೆ ಜೋರಾಗಿ ಗಾಳಿ ಹೊಡೆದು ಪಂಪಿನ ಬುಡ ಮುಟ್ಟಿ ನೋಡಿ, ಬೆಚ್ಚಗಿರುತ್ತೆ. ಯಾರೂ ಬೆಂಕಿ ಇಟ್ಟಿಲ್ಲ. ಒತ್ತಿದ ಕೆಲಸವೇ ಬಿಸಿಯಾಗಿದೆ.

ಟ್ರ್ಯಾಕ್ಟರ್ ರಿಪೇರಿ ಕಲಿತ ಹುಡುಗರು ಇಲ್ಲಿ ಇದ್ದೀರಿ. ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಯಾಕಿಲ್ಲ? ಇದೇ ಕಾರಣ. ಸಿಲಿಂಡರಿನ ಗಾಳಿಯನ್ನು 18ನೇ ಒಂದು ಭಾಗಕ್ಕೆ ಒತ್ತಿದರೆ, ಶುರುವಿನಲ್ಲಿ 300 ಕೆಲ್ವಿನ್, ಅಂದರೆ ಸುಮಾರು 27 ಡಿಗ್ರಿ ಇದ್ದ ಗಾಳಿ, ಲೆಕ್ಕದ ಪ್ರಕಾರ 950 ಕೆಲ್ವಿನ್ ಮುಟ್ಟುತ್ತೆ. ಸುಮಾರು 680 ಡಿಗ್ರಿ. ಆ ಗಾಳಿಗೆ ಡೀಸೆಲ್ ಚಿಮ್ಮಿಸಿದರೆ ತಾನೇ ಹತ್ತಿಕೊಳ್ಳುತ್ತೆ. ನಿಜವಾದ ಇಂಜಿನ್ನಿನಲ್ಲಿ ಸ್ವಲ್ಪ ಶಾಖ ಗೋಡೆಗೆ ಸೋರಿ ತಾಪ ಕಡಿಮೆ ಇರುತ್ತೆ, ಆದರೂ ಹತ್ತಿಕೊಳ್ಳಲು ಸಾಕು. ನಿಮ್ಮ ಕೈಗೆ ದಿನಾ ಗೊತ್ತಿರುವ ಕೆಲಸವೇ ಪುಸ್ತಕದ ಒಂದು ಸೂತ್ರ.

ಎರಡನೆಯದು ಲೆಕ್ಕದ ತೊಡಕು. ಇಲ್ಲಿ ನಮ್ಮ ಅಕ್ಕಂದಿರು ಡ್ವಾಕ್ರಾ ಸಂಘದ ಪಾಸ್‌ಪುಸ್ತಕ ಇಟ್ಟುಕೊಂಡಿದ್ದೀರಿ. ಜಮಾ, ಖರ್ಚು, ಬಾಕಿ. ಉಷ್ಣಗತಿ ವಿಜ್ಞಾನದ ಮೊದಲನೇ ನಿಯಮ ಇಷ್ಟೇ. ಯಾವುದರ ಲೆಕ್ಕ ಇಡ್ತೀವೋ ಅದಕ್ಕೆ ವ್ಯವಸ್ಥೆ ಅಂತ ಹೆಸರು. ಅದು ಸಿಲಿಂಡರಿನ ಗಾಳಿ ಇರಬಹುದು, ಕುಕ್ಕರಿನ ಉಗಿ ಇರಬಹುದು. ಅದರೊಳಗಿನ ಬಾಕಿಗೆ ಆಂತರಿಕ ಶಕ್ತಿ ಅಂತ ಹೆಸರು. ಗಾಳಿಗೆ 500 ಜೂಲ್ ಶಾಖ ಕೊಟ್ಟಿರಿ, ಅದು ಪಿಸ್ಟನ್ ತಳ್ಳಿ 200 ಜೂಲ್ ಕೆಲಸ ಮಾಡಿತು, ಬಾಕಿ 300 ಜೂಲ್ ಏರಿತು. ಶಕ್ತಿ ಹುಟ್ಟಲಿಲ್ಲ, ಸಾಯಲಿಲ್ಲ, ಪುಸ್ತಕ ತಾಳೆಯಾಯಿತು.

ಒಂದು ಸೂಕ್ಷ್ಮ ಇದೆ. ಪಾಸ್‌ಪುಸ್ತಕದ ಬಾಕಿ ನೋಡಿ ಇದು ಕೂಲಿಯಿಂದ ಬಂತೋ ಕುರಿ ಮಾರಿದ್ದರಿಂದ ಬಂತೋ ಹೇಳೋಕಾಗಲ್ಲ. ಬಾಕಿಗೆ ದಾರಿಯ ನೆನಪಿಲ್ಲ. ಹಾಗೇ ಆಂತರಿಕ ಶಕ್ತಿ ಸ್ಥಿತಿಗೆ ಸೇರಿದ್ದು. ಶಾಖ ಮತ್ತು ಕೆಲಸ ದಾರಿಗೆ ಸೇರಿದ್ದು. ಅದಕ್ಕೇ ‘ಈ ನೀರಿನಲ್ಲಿ ಇಷ್ಟು ಶಾಖ ಇದೆ’ ಅನ್ನೋ ಮಾತು ಪರೀಕ್ಷೆಯಲ್ಲಿ ತಪ್ಪು. ‘ಈ ನೀರಿಗೆ ಇಷ್ಟು ಶಾಖ ಬಂತು’ ಅನ್ನೋದು ಸರಿ.

ಈಗ ನಮ್ಮ ಹುಡುಗರನ್ನು ನಿಜವಾಗಿ ಕೆಡವೋ ಗುಂಡಿ ಹೇಳ್ತೀನಿ, ಬರೆದುಕೊಳ್ಳಿ. ಭೌತಶಾಸ್ತ್ರದ ಪುಸ್ತಕಗಳು ಸಾಮಾನ್ಯವಾಗಿ ವ್ಯವಸ್ಥೆ ಮಾಡಿದ ಕೆಲಸವನ್ನು ಧನ ಅಂತ ಬರೀತಾವೆ: ಕೊಟ್ಟ ಶಾಖ ಅಂದರೆ ಬಾಕಿಯ ಏರಿಕೆ ಕೂಡಿಸು ಮಾಡಿದ ಕೆಲಸ. ರಸಾಯನಶಾಸ್ತ್ರದ ಪುಸ್ತಕಗಳು ವ್ಯವಸ್ಥೆಯ ಮೇಲೆ ನಾವು ಮಾಡಿದ ಕೆಲಸವನ್ನು ಧನ ಅಂತ ಬರೀತಾವೆ: ಬಾಕಿಯ ಏರಿಕೆ ಅಂದರೆ ಶಾಖ ಕೂಡಿಸು ಕೆಲಸ. ನಮ್ಮ ಮೇಲಿನ ಲೆಕ್ಕವನ್ನೇ ರಸಾಯನದಲ್ಲಿ ಬರೆದರೆ 500ಕ್ಕೆ ಋಣ 200 ಕೂಡಿಸಬೇಕು. ಉತ್ತರ ಅದೇ 300. ಆದರೆ ಗಣಿತ, ಭೌತ, ರಸಾಯನ ಮೂರೂ ತೆಗೆದುಕೊಂಡ ವಿದ್ಯಾರ್ಥಿ ಒಂದೇ ವಾರದಲ್ಲಿ ಎರಡೂ ಪುಸ್ತಕ ಓದುತ್ತಾನೆ. ಸೋಮವಾರ ಧನ, ಗುರುವಾರ ಋಣ. ಯಾರೂ ಬಿಡಿಸಿ ಹೇಳದಿದ್ದರೆ ಅವನು ತನ್ನನ್ನೇ ಅನುಮಾನಿಸುತ್ತಾನೆ. ಇಂಗ್ಲಿಷ್ ಮೀಡಿಯಮ್ಮಿನ ಹುಡುಗನಿಗೆ ಟ್ಯೂಷನ್ ಮೇಷ್ಟ್ರು ಐದು ನಿಮಿಷದಲ್ಲಿ ಹೇಳಿಕೊಡುವ ಗುಟ್ಟು ಇದು. ನಮ್ಮವನಿಗೆ ಈ ಐದು ನಿಮಿಷ ಸಿಗದೆ ಒಂದು ವರ್ಷ ಹೋಗುತ್ತೆ.

ಬಾವಿಯ ಲೆಕ್ಕ ಒಂದು ಮಾಡೋಣ. 20 ಮೀಟರ್ ಆಳದ ಬಾವಿಯಿಂದ 15 ಲೀಟರಿನ ಕೊಡ ಸೇದಿದರೆ ನೀರಿನ ಮೇಲೆ ಆಗುವ ಕೆಲಸ 15 ಗುಣಿಸು 9.8 ಗುಣಿಸು 20, ಒಟ್ಟು 2,940 ಜೂಲ್. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾದ್ದು ಸುಮಾರು 4,186 ಜೂಲ್. ಅಂದರೆ ನಮ್ಮ ಅವ್ವ ತೋಳು ಸೋಲುವಂತೆ ಒಂದು ಕೊಡ ಸೇದಿದ ಕೆಲಸವೆಲ್ಲ ಶಾಖವಾದರೂ ಒಂದು ಲೀಟರ್ ನೀರು ಒಂದು ಡಿಗ್ರಿಯೂ ಬಿಸಿಯಾಗಲ್ಲ. ಕೆಲಸಕ್ಕೂ ಶಾಖಕ್ಕೂ ಇರುವ ಈ ದರವನ್ನು 1840ರ ದಶಕದಲ್ಲಿ ಅಳೆದವನು ಜೇಮ್ಸ್ ಜೂಲ್, ಇಂಗ್ಲೆಂಡಿನಲ್ಲಿ ಬಿಯರ್ ಕಾಯಿಸುವ ಮನೆಯವನು. ತೂಕದ ಗುಂಡು ಇಳಿಬಿಟ್ಟು, ಅದರಿಂದ ನೀರಿನಲ್ಲಿ ರೆಕ್ಕೆ ತಿರುಗಿಸಿ, ನೀರು ಎಷ್ಟು ಬೆಚ್ಚಗಾಯಿತು ಅಂತ ನೋಡಿದ.

ಮಣ್ಣಿನ ಮಡಕೆಯ ಲೆಕ್ಕವೂ ಹೀಗೇ. ರಾಯದುರ್ಗದ ಬೇಸಿಗೆಯಲ್ಲಿ 10 ಲೀಟರಿನ ಮಡಕೆಯಿಂದ 100 ಗ್ರಾಂ ನೀರು ಜಿನುಗಿ ಆರಿಹೋದರೆ ಅದು ಸುಮಾರು 240 ಕಿಲೋಜೂಲ್ ಶಾಖ ಹೊತ್ತುಕೊಂಡು ಹೋಗುತ್ತೆ. 10 ಲೀಟರ್ ನೀರನ್ನು ಒಂದು ಡಿಗ್ರಿ ಇಳಿಸಲು 42 ಕಿಲೋಜೂಲ್ ತೆಗೆದರೆ ಸಾಕು. ಹೊರಗಿನ ಶಾಖ ಒಳಗೆ ಬರದಿದ್ದರೆ ಐದಾರು ಡಿಗ್ರಿ ತಣ್ಣಗಾಗಬೇಕು. ಬರುತ್ತೆ, ಹಾಗಾಗಿ ಸ್ವಲ್ಪ ಕಡಿಮೆ. ಥರ್ಮಾಮೀಟರ್ ಹಿಡಿದು ನೀವೇ ನೋಡಬಹುದು.

ಇನ್ನು ಎರಡನೇ ನಿಯಮ. ಪಾಸ್‌ಪುಸ್ತಕ ತಾಳೆಯಾದರೆ ಸಾಲದು, ಶಕ್ತಿ ಹರಿಯುವುದಕ್ಕೆ ಒಂದು ದಿಕ್ಕಿದೆ. 80 ಡಿಗ್ರಿಯ ಒಂದು ಲೀಟರ್ ನೀರಿಗೆ 20 ಡಿಗ್ರಿಯ ಒಂದು ಲೀಟರ್ ಬೆರೆಸಿದರೆ 50 ಡಿಗ್ರಿ ಆಗುತ್ತೆ. ಉಗುರುಬೆಚ್ಚಗಿನ ನೀರು ತಾನಾಗಿ ಒಂದು ಕಡೆ 80, ಒಂದು ಕಡೆ 20 ಆಗಿ ಬೇರೆಯಾದದ್ದನ್ನು ಯಾರೂ ಕಂಡಿಲ್ಲ. ಮೊದಲನೇ ನಿಯಮಕ್ಕೆ ಅದರಲ್ಲಿ ತಕರಾರಿಲ್ಲ, ಎರಡನೆಯದಕ್ಕೆ ಇದೆ. 1865ರಲ್ಲಿ ಕ್ಲಾಸಿಯಸ್ ಇದಕ್ಕೆ ಎಂಟ್ರಪಿ ಅಂತ ಹೆಸರಿಟ್ಟು ಲೆಕ್ಕ ಕೊಟ್ಟ. ನಮ್ಮ ಉದಾಹರಣೆಯಲ್ಲಿ ಬಿಸಿನೀರು ಕಳೆದುಕೊಂಡ ಎಂಟ್ರಪಿ ಕೆಲ್ವಿನ್ನಿಗೆ ಸುಮಾರು 372 ಜೂಲ್, ತಣ್ಣೀರು ಪಡೆದದ್ದು ಸುಮಾರು 408. ಒಟ್ಟು 36 ಹೆಚ್ಚಾಯಿತು. ಶಾಖ ಕಳೆದುಕೊಂಡಷ್ಟೇ ಪಡೆದರೂ ಎಂಟ್ರಪಿ ಮಾತ್ರ ಏರಿತು. ಎಂಟ್ರಪಿ ಅಂದರೆ ‘ಗಲಿಬಿಲಿ’ ಅಂತ ಒಂದೇ ಪದ ಬರೆದು ಪರೀಕ್ಷೆ ದಾಟೋಕೆ ನೋಡಬೇಡಿ. ಈ ಲೆಕ್ಕ ಒಂದು ಸಲ ಕೈಯಾರೆ ಮಾಡಿ, ಅರ್ಥ ತಾನೇ ಬರುತ್ತೆ.

ಬಳ್ಳಾರಿಗೆ ಹೋಗಿ ಮುಂದೆ ಹೊಸಪೇಟೆ ದಾರಿ ಹಿಡಿದರೆ ಕುಡತಿನಿಯ ಶಾಖೋತ್ಪನ್ನ ವಿದ್ಯುತ್ ಕೇಂದ್ರ ಕಾಣುತ್ತೆ. 1,700 ಮೆಗಾವ್ಯಾಟಿನದು. ಅದರ ದೊಡ್ಡ ಗೋಪುರಗಳಿಂದ ಬಿಳಿ ಆವಿ ಏಳುತ್ತಲ್ಲ, ಅದು ಎರಡನೇ ನಿಯಮ ವಸೂಲಿ ಮಾಡುವ ಸುಂಕ. ಇಂಥ ಕೇಂದ್ರದಲ್ಲಿ ಉಗಿ ಸುಮಾರು 540 ಡಿಗ್ರಿ, ತಣಿಸುವ ಕಡೆ 40 ಡಿಗ್ರಿ ಅಂತ ಹಿಡಿಯೋಣ. ಕೆಲ್ವಿನ್ನಿಗೆ ತಿರುಗಿಸಿದರೆ 813 ಮತ್ತು 313. ಒಂದರಲ್ಲಿ 313 ಭಾಗಿಸು 813 ಕಳೆದರೆ ಶೇಕಡಾ 61. ಈ ಎರಡು ತಾಪಗಳ ನಡುವೆ ಎಷ್ಟೇ ಒಳ್ಳೆ ಯಂತ್ರ ಕಟ್ಟಿದರೂ ಇದನ್ನು ಮೀರೋಕಾಗಲ್ಲ. ನಿಜವಾಗಿ ಸಿಗೋದು ಮೂರನೇ ಒಂದಕ್ಕಿಂತ ಸ್ವಲ್ಪ ಹೆಚ್ಚು. ಕೆಲ್ವಿನ್ ಮರೆತು ಡಿಗ್ರಿಯಲ್ಲೇ ಭಾಗಿಸಿದರೆ ಶೇಕಡಾ 92 ಬರುತ್ತೆ. ಸೊನ್ನೆ ಮಾರ್ಕು. 273 ಕೂಡಿಸೋದನ್ನು ಅಂಗೈ ಮೇಲೆ ಬರೆದುಕೊಳ್ಳಬೇಡಿ, ತಲೇಲಿ ಬರೆದುಕೊಳ್ಳಿ.

ಮೂರನೇ ತೊಡಕು ‘ಇದು ನಮ್ಮಂಥವರಿಗಲ್ಲ’ ಅನ್ನೋದು. ಒಬ್ಬ ಮೇಷ್ಟ್ರು ತುಂಬಿದ ಕ್ಲಾಸಿನಲ್ಲಿ ನನಗೆ ‘ನಿಮಗೆ ಆರ್ಟ್ಸ್ ಸಾಕಿತ್ತಲ್ಲಪ್ಪ’ ಅಂದಿದ್ದುಂಟು. ಅವರ ಹೆಸರು ಬೇಡ. ಉತ್ತರ ಮಾತ್ರ ಬೇಕು.

ನಮ್ಮ ಹಿರಿಯರು ತಮಟೆ ಬಾರಿಸೋಕೆ ಮುಂಚೆ ಹುಲ್ಲು ಹೊತ್ತಿಸಿ ಕಾಯಿಸ್ತಾರೆ. ಚರ್ಮದ ತೇವ ಆರುತ್ತೆ, ಚರ್ಮ ಬಿಗಿಯುತ್ತೆ, ನಾದ ಏರುತ್ತೆ. ತಂಪು ಗಾಳಿ ಬಡಿದರೆ ಮತ್ತೆ ತೇವ ಹೀರಿ ಸಡಿಲ. ಎಷ್ಟು ಕಾವು ಸಾಕು, ಎಷ್ಟಾದರೆ ಚರ್ಮ ಸುಡುತ್ತೆ ಅಂತ ಅವರ ಬೆರಳಿಗೆ ಗೊತ್ತು. ಹಿಂದೂಪುರ, ಮಡಕಶಿರಾ ಕಡೆ ರೇಷ್ಮೆಗೂಡು ಬೇಯಿಸುವ ಹೆಂಗಸರಿಗೆ ನೀರಿನ ಕಾವು ಗೊತ್ತು. ಇಟ್ಟಿಗೆ ಸುಡುವವರಿಗೆ ಗೂಡಿನ ಕಾವು ಗೊತ್ತು. ಶಾಖದ ಕೆಲಸ ಯಾವತ್ತೂ ನಮ್ಮ ಕೈಲೇ ಇತ್ತು. ಶಾಖದ ಲೆಕ್ಕ ಮಾತ್ರ ನಮ್ಮ ಕೈಗೆ ಕೊಡಲಿಲ್ಲ. ಅಕ್ಷರವನ್ನೇ ಕೊಡದವರು ಲೆಕ್ಕ ಎಲ್ಲಿಂದ ಕೊಡ್ತಾರೆ?

ಯುರೋಪಿನಲ್ಲೂ ಕೈ ಮುಂದೆ, ಕಾಗದ ಹಿಂದೆ. ನ್ಯೂಕಮನ್ ಅನ್ನುವ ಕಬ್ಬಿಣದ ಸಾಮಾನಿನ ವ್ಯಾಪಾರಿ 1712ರಲ್ಲಿ ಗಣಿಯ ನೀರೆತ್ತುವ ಉಗಿಯಂತ್ರ ನಿಲ್ಲಿಸಿದ. ಅಂಥ ಯಂತ್ರದಿಂದ ಹೆಚ್ಚೆಂದರೆ ಎಷ್ಟು ಕೆಲಸ ತೆಗೀಬಹುದು ಅಂತ ಫ್ರಾನ್ಸಿನ ಸಾದಿ ಕಾರ್ನೋ ಬರೆದದ್ದು 1824ರಲ್ಲಿ, ನೂರು ವರ್ಷ ದಾಟಿದ ಮೇಲೆ. ನಾವು ಮೇಲೆ ಮಾಡಿದ ಶೇಕಡಾ 61ರ ಲೆಕ್ಕ ಅವನ ವಿಚಾರದಿಂದಲೇ ಹುಟ್ಟಿದ್ದು. ಕೈ ಕೆಲಸ ಕಾಗದದ ಲೆಕ್ಕವಾದ ಮೇಲೆ ಯಂತ್ರ ಬೆಳೆಯಿತು, ಯಂತ್ರ ಇದ್ದವರ ಅಧಿಕಾರವೂ ಬೆಳೆಯಿತು.

ನಮ್ಮ ದೇಶದಲ್ಲಿ ಆ ಲೆಕ್ಕ ಹಿಡಿದವರಲ್ಲಿ ಒಬ್ಬರು ಮೇಘನಾದ ಸಹಾ. 1893ರಲ್ಲಿ ಢಾಕಾ ಹತ್ತಿರದ ಹಳ್ಳಿಯಲ್ಲಿ ಹುಟ್ಟಿದವರು. ಅಪ್ಪನದು ಚಿಕ್ಕ ಕಿರಾಣಿ ಅಂಗಡಿ. ಕೀಳೆಂದು ಎಣಿಸಿದ ಜಾತಿ. ಕಲ್ಕತ್ತೆಯಲ್ಲಿ ಓದುವಾಗ ಹಾಸ್ಟೆಲಿನಲ್ಲಿ ಮೇಲ್ಜಾತಿಯ ಹುಡುಗರು ಅವರ ಜೊತೆ ಕೂತು ಉಣ್ಣಲು ಒಪ್ಪಲಿಲ್ಲ. ಅದೇ ಸಹಾ 1920ರಲ್ಲಿ ನಕ್ಷತ್ರಗಳ ಶಾಖದಲ್ಲಿ ಪರಮಾಣುಗಳು ಎಲೆಕ್ಟ್ರಾನ್ ಕಳೆದುಕೊಳ್ಳುವುದನ್ನು ಉಷ್ಣಗತಿ ವಿಜ್ಞಾನದ ದಾರಿಯಲ್ಲೇ ಲೆಕ್ಕ ಹಾಕಿದರು. ಆ ಸಮೀಕರಣ ಇವತ್ತಿಗೂ ಅವರ ಹೆಸರಲ್ಲೇ ಇದೆ. ಅಷ್ಟೇ ಅಲ್ಲ, ಶ್ರೀವಾಸ್ತವ ಅವರ ಜೊತೆ ಸೇರಿ ಶಾಖದ ಮೇಲೆ ಬರೆದ ಪುಸ್ತಕವನ್ನು ನಮ್ಮ ವಿಶ್ವವಿದ್ಯಾಲಯಗಳಲ್ಲಿ ತಲೆಮಾರುಗಳು ಓದಿದವು. ಜೊತೆಗೆ ಉಣ್ಣಲು ಒಪ್ಪದವರ ಮಕ್ಕಳೂ ಆ ಪುಸ್ತಕ ಓದಿ ಪಾಸಾದರು. 1952ರಲ್ಲಿ ಸಹಾ ಲೋಕಸಭೆಗೂ ಗೆದ್ದು ಹೋದರು.

ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದರು. ನೀರಾವರಿ ಮತ್ತು ವಿದ್ಯುತ್ ಕೂಡ ಅವರ ಕೈಲಿತ್ತು. ದಾಮೋದರ ಕಣಿವೆ ಯೋಜನೆಗೆ ಅವರು ದುಡಿದರು. ಅದೇ ಕಣಿವೆಯ ಪ್ರವಾಹದ ಬಗ್ಗೆ, ಅಣೆಕಟ್ಟಿನ ಬಗ್ಗೆ ಸಹಾ ವರ್ಷಗಟ್ಟಲೆ ಬರೆದಿದ್ದರು. ಕಾನೂನು ಒಂದೇ ಅಲ್ಲ, ಕರೆಂಟಿನ ಲೆಕ್ಕವೂ ನಮ್ಮವರ ಕೈಗೆ ಬರಬೇಕು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಒಂದು ಎಚ್ಚರಿಕೆಯ ಮಾತು. ‘ಬಿಸಿನೀರು ತಾನಾಗಿ ಆರುವ ಹಾಗೆ ಜಾತಿಯೂ ಕಾಲಕ್ರಮೇಣ ಸಮ ಆಗುತ್ತೆ’ ಅಂತ ಯಾರಾದರೂ ಎರಡನೇ ನಿಯಮ ಹೇಳಿಕೊಂಡು ಬಂದರೆ ನಂಬಬೇಡಿ. ಶಾಖ ತಾನಾಗಿ ಹರಿಯುತ್ತೆ, ಮರ್ಯಾದೆ ತಾನಾಗಿ ಹರಿಯಲ್ಲ. ಮಹಾಡಿನ ಕೆರೆ ಎಲ್ಲರಿಗೂ ತೆರೆದಿದೆ ಅಂತ ಅಲ್ಲಿನ ಪುರಸಭೆ ಮೊದಲೇ ನಿರ್ಣಯ ಮಾಡಿತ್ತು. ನೀರು ಬಾಯಿಗೆ ಬಂದದ್ದು 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದು ಹೋಗಿ ಬೊಗಸೆ ಒಡ್ಡಿದಾಗ. ಅಲ್ಲಿ ಬೇಕಾಗಿದ್ದು ಕೆಲಸ, ಜನ ಸೇರಿ ಮಾಡಿದ ಕೆಲಸ. ಓದೂ ಹಾಗೇ. ಅನಂತಪುರದ ಇಂಜಿನಿಯರಿಂಗ್ ಕಾಲೇಜು 1946ರಿಂದ ಇದೆ, ಶ್ರೀ ಕೃಷ್ಣದೇವರಾಯ ವಿಶ್ವವಿದ್ಯಾಲಯ 1981ರಿಂದ ಇದೆ. ಬಾಗಿಲು ತೆರೆದಿದೆ ಅಂತ ಕಾಗದ ಹೇಳುತ್ತೆ. ಒಳಗೆ ಹೋದವನು ಪಾಸಾಗಿ ಹೊರಗೆ ಬರೋಕೆ ನಾವು ಕೆಲಸ ಮಾಡಬೇಕು.

ಏನು ಮಾಡೋಣ ಅಂತೀರಾ? ದುಡ್ಡು ಬೇಡದ ನಾಲ್ಕು ಕೆಲಸ ಹೇಳ್ತೀನಿ. ಒಂದು, ಸಂಘದ ಗೋಡೆ ಮೇಲೆ ಈ ಪಾಠದ ಐವತ್ತು ಪದಗಳನ್ನು ಕನ್ನಡ, ತೆಲುಗು, ಇಂಗ್ಲಿಷ್ ಮೂರರಲ್ಲೂ ಬರೆಸೋಣ. ಪಿಯುಸಿ, ಇಂಟರ್ ಓದೋ ಮಕ್ಕಳು ಬರೋ ಹೋಗೋವಾಗ ಕಣ್ಣಾಡಿಸಲಿ. ಎರಡು, ಪಾಸಾದವರು ತಮ್ಮ ನೋಟ್ಸನ್ನು, ಬಿಡಿಸಿದ ಹಳೇ ಪ್ರಶ್ನೆಪತ್ರಿಕೆಗಳನ್ನು ತೂಕಕ್ಕೆ ಹಾಕಬೇಡಿ, ಸಂಘದ ಬೀರುವಿಗೆ ಕೊಡಿ. ಮೂರು, ಭಾನುವಾರ ಸಂಜೆ ಎರಡು ಗಂಟೆ ಒಟ್ಟಿಗೆ ಕೂತು ಲೆಕ್ಕ ಬಿಡಿಸೋಣ. ಮೊದಲ ವಾರ ಧನ ಋಣದ ಗುಂಡಿ, ಎರಡನೇ ವಾರ 273. ಗೊತ್ತಿಲ್ಲ ಅನ್ನೋಕೆ ಅಲ್ಲಿ ಯಾರೂ ನಾಚಬೇಕಾಗಿಲ್ಲ, ಕನ್ನಡದಲ್ಲೇ ಕೇಳಬಹುದು. ನಾಲ್ಕು, ಹಿರಿಯರಿಗೆ. ಮಗಳು ಸಪ್ಲಿ ಬಂತು ಅಂದ ತಕ್ಷಣ ಗಂಡು ನೋಡೋಕೆ ಹೋಗಬೇಡಿ, ಮಗನಿಗೆ ಬೆಂಗಳೂರಿನ ಬಸ್ ಹತ್ತಿಸಬೇಡಿ. ಒಂದು ಆರು ತಿಂಗಳು ಕೊಡಿ. ಸಪ್ಲಿ ಅಂದರೆ ಇನ್ನೊಂದು ಸಲ ಪರೀಕ್ಷೆ, ಅಷ್ಟೇ. ಅದು ಮಗುವಿನ ಮೇಲೆ ಬರೆದ ತೀರ್ಪಲ್ಲ.

ಮೊನ್ನೆ ಒಬ್ಬ ತಂಗಿ ಕೇಳಿದಳು: ‘ಅಣ್ಣಾ, ಇದನ್ನ ಓದಿದರೆ ಕೆಲಸ ಸಿಗ್ತೈತಾ?’ ನ್ಯಾಯವಾದ ಪ್ರಶ್ನೆ. ಈ ಒಂದು ಪೇಪರಿನಿಂದ ಕೆಲಸ ಸಿಗುತ್ತೆ ಅಂತ ನಾನು ಹೇಳಲ್ಲ. ಆದರೆ ಇದು ನಿಂತರೆ ಡಿಗ್ರಿ ನಿಲ್ಲುತ್ತೆ. ಡಿಗ್ರಿ ನಿಂತರೆ ಬಿ.ಎಡ್. ಇಲ್ಲ, ಎಂ.ಎಸ್ಸಿ. ಇಲ್ಲ, ವಿದ್ಯುತ್ ಕೇಂದ್ರದ ಇಂಜಿನಿಯರ್ ಹುದ್ದೆ ಇಲ್ಲ. ಪಾವಗಡದಲ್ಲಿ 2,000 ಮೆಗಾವ್ಯಾಟ್ ಮೀರಿದ ಸೋಲಾರ್ ಪಾರ್ಕ್ ಬಂದಿದೆ, ಮಡಕಶಿರಾಕ್ಕೆ ಕೂಗಳತೆ ದೂರ. ಅಲ್ಲಿ ಪ್ಯಾನೆಲ್ ತೊಳೆಯೋ ಕೆಲಸವೂ ಇದೆ, ಪ್ಯಾನೆಲ್ ಬಿಸಿಯಾದರೆ ಕರೆಂಟು ಎಷ್ಟು ಇಳಿಯುತ್ತೆ ಅಂತ ಲೆಕ್ಕ ಹಾಕೋ ಕೆಲಸವೂ ಇದೆ. ಬಿಸಿಲು ಇಬ್ಬರ ಮೇಲೂ ಒಂದೇ ಬೀಳುತ್ತೆ, ಸಂಬಳ ಒಂದೇ ಬೀಳಲ್ಲ. ಮೊದಲನೆಯದಕ್ಕೆ ನಮ್ಮನ್ನು ಕರೆಯೋಕೆ ಯಾರೂ ಮರೆಯಲ್ಲ. ಎರಡನೆಯದಕ್ಕೆ ನಾವೇ ಪುಸ್ತಕ ಹಿಡಿದು ಹೋಗಬೇಕು.

ಬರುವ ಭಾನುವಾರ ಸಂಜೆ ಐದಕ್ಕೆ ಬನ್ನಿ. ಪೆನ್ನು, ನೋಟ್‌ಬುಕ್ಕು, ನಿಮ್ಮನ್ನು ಕೆಡವಿದ ಒಂದು ಲೆಕ್ಕ, ಮೂರೂ ತನ್ನಿ.

ಜೈ ಭೀಮ್.